‘ಮನೆಗೆ ಹೋಗ್ಬೇಕು’ ಅನ್ನುವ ಕಾಯಿಲೆ

ಹಳೇ ಕ್ಲಾಸ್ ಫೋಟೋ ಸಿಕ್ಕರೆ ‘ನಾಸ್ಟಾಲ್ಜಿಯಾ’ ಅಂತೀವಿ. ಹಳೇ ಚಿತ್ರಗೀತೆ ಕಿವಿಗೆ ಬಿದ್ದರೂ ಅದೇ ಮಾತು. ಹಿತವಾದ ಪದ, ಅಲ್ವಾ? ಆದರೆ ಇದು ಹುಟ್ಟಿದ್ದು ಕಾಯಿಲೆಯ ಹೆಸರಾಗಿ. ಜೀವಕ್ಕೇ ಕುತ್ತು ತರುವ ಕಾಯಿಲೆ ಅಂತಲೇ ಆಗಿನ ವೈದ್ಯರು ನಂಬಿದ್ದರು.

1688. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ 19 ವರ್ಷದ ವೈದ್ಯಕೀಯ ವಿದ್ಯಾರ್ಥಿ ಒಂದು ಪ್ರಬಂಧ ಬರೆದ. ಊರು ಬಿಟ್ಟು ಬಂದವರು ಹಂಬಲಿಸಿ ಹಂಬಲಿಸಿ ಸೊರಗುವುದಕ್ಕೆ ಅಲ್ಲಿನ ಜನ ಜರ್ಮನ್ ಭಾಷೆಯಲ್ಲಿ ‘ಹೈಮ್‌ವೇ’ ಅನ್ನುತ್ತಿದ್ದರು. ವೈದ್ಯರ ಪುಸ್ತಕದಲ್ಲಿ ಇದಕ್ಕೆ ಹೆಸರಿರಲಿಲ್ಲ. ಹೋಫರ್ ಎರಡು ಗ್ರೀಕ್ ಪದಗಳನ್ನು ಕೂಡಿಸಿದ. ‘ನೋಸ್ಟೋಸ್’ ಅಂದರೆ ಊರಿಗೆ ಮರಳುವುದು, ‘ಆಲ್ಗೋಸ್’ ಅಂದರೆ ನೋವು. ಪುರಾತನ ಗ್ರೀಕರಿಗೆ ಈ ಜೋಡಿಪದ ಗೊತ್ತೇ ಇರಲಿಲ್ಲ.

ಅವನ ಪ್ರಬಂಧದಲ್ಲಿ ಒಬ್ಬ ಹಳ್ಳಿ ಹುಡುಗಿ ಬರುತ್ತಾಳೆ. ಎತ್ತರದಿಂದ ಬಿದ್ದು ಎಚ್ಚರ ತಪ್ಪಿದ್ದವಳು. ಕಣ್ಣು ಬಿಟ್ಟಾಗ ಆಸ್ಪತ್ರೆ, ಸುತ್ತ ಗುರುತಿಲ್ಲದ ಮುದುಕಿಯರು. ಊಟ ಬೇಡ, ಔಷಧಿ ಬೇಡ. ಏನು ಕೇಳಿದರೂ ಒಂದೇ ಮಾತು: ‘ಮನೆಗೆ ಹೋಗ್ಬೇಕು’. ಕೊನೆಗೆ ಅಪ್ಪ ಅಮ್ಮ ಕರೆದುಕೊಂಡು ಹೋದರು. ಕೆಲವೇ ದಿನಗಳಲ್ಲಿ, ಯಾವ ಔಷಧಿಯೂ ಇಲ್ಲದೆ, ಚೇತರಿಸಿಕೊಂಡಳು. ಓದುವಾಗ ನನಗೆ ಹಾಸ್ಟೆಲ್ ಮಕ್ಕಳ ಫೋನು ನೆನಪಾಯಿತು: ‘ಅಮ್ಮಾ, ಊಟ ಸೇರ್ತಿಲ್ಲ.’ ಮನಸ್ಸಿನ ಸಂಕಟ ಮೊದಲು ಹೇಳಿಕೊಳ್ಳುವುದು ಹೊಟ್ಟೆಯ ಮೂಲಕವೇ.

ಕಾರಣ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳಿದರು. ಊರಿನ ನೆನಪು ಮಿದುಳಿನ ಎಳೆಗಳಲ್ಲಿ ಬಿಡದೆ ಮಿಡಿಯುತ್ತದೆ ಅಂತ ಹೋಫರ್. ಬೆಟ್ಟದ ಜನ ಬಯಲಿಗಿಳಿದಾಗ ಗಾಳಿಯ ಒತ್ತಡ ಜಾಸ್ತಿಯಾಗಿ ರಕ್ತ ಸರಿಯಾಗಿ ಹರಿಯುವುದಿಲ್ಲ ಅಂತ ಜೂರಿಕ್‌ನ ವೈದ್ಯ ಶೋಯ್ಖ್‌ಸರ್. ಆ ಕಾಲದಲ್ಲಿ ಸ್ವಿಸ್ ಯುವಕರು ಸಂಬಳಕ್ಕಾಗಿ ಪರದೇಶದ ಸೈನ್ಯ ಸೇರುತ್ತಿದ್ದರು, ಹಾಗಾಗಿ ಇದನ್ನು ಸ್ವಿಸ್ ಕಾಯಿಲೆ ಅಂತಲೇ ಕರೆದರು. ಆದರೆ ಅದು ಬರೀ ಸ್ವಿಸ್ಸರದ್ದಾಗಿರಲಿಲ್ಲ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದ ವೈದ್ಯರು 5,000ಕ್ಕೂ ಹೆಚ್ಚು ಸೈನಿಕರಿಗೆ ‘ನಾಸ್ಟಾಲ್ಜಿಯಾ’ ಅಂತ ಬರೆದಿಟ್ಟಿದ್ದಾರೆ.

20ನೇ ಶತಮಾನದಲ್ಲಿ ಪದ ಮೆಲ್ಲಗೆ ಆಸ್ಪತ್ರೆಯಿಂದ ಹೊರಗೆ ಬಂತು. ಆ ಹುಡುಗಿ ಹಂಬಲಿಸಿದ್ದು ಒಂದು ಜಾಗಕ್ಕೆ. ನಾವು ಹಂಬಲಿಸುವುದು ಕಳೆದುಹೋದ ಕಾಲಕ್ಕೆ. ಕನ್ನಡದಲ್ಲಿ ಇದಕ್ಕೆ ‘ಹಳಹಳಿಕೆ’ ಅಂತ ಒಳ್ಳೆಯ ಪದವಿದೆ, ಆದರೂ ಅದರಲ್ಲಿ ಕೊರಗೇ ಜಾಸ್ತಿ. ಇಂಗ್ಲಿಷ್ ಪದದಲ್ಲಿ ಈಗ ಸಿಹಿಯೂ ಸೇರಿದೆ.

ಈ ಸಿಹಿಯನ್ನು ಮನಶ್ಶಾಸ್ತ್ರಜ್ಞರೂ ಗಮನಿಸಿದ್ದಾರೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟೈನ್ ಸೆಡಿಕಿಡೀಸ್ ಮತ್ತು ಅವರ ಸಂಗಡಿಗರ ಪ್ರಯೋಗಗಳ ಪ್ರಕಾರ, ಒಂಟಿತನ ಕಾಡಿದಾಗ ಹಳೆಯ ನೆನಪುಗಳು ಹೆಚ್ಚು ಬರುತ್ತವೆ. ಆ ನೆನಪಿನಲ್ಲಿ ಬರುವವರು ಹೆಚ್ಚಾಗಿ ನಮ್ಮವರೇ. ಅವರನ್ನು ನೆನೆದ ಮೇಲೆ ಒಂಟಿತನ ಸ್ವಲ್ಪ ಕಮ್ಮಿ ಅನ್ನಿಸುತ್ತದೆ.