ಮಸುಕು ಫೋಟೊದಲ್ಲಿ ಹದ್ದೋ, ಬೂಟೆಡ್ ಈಗಲ್ಲೋ?

ಚಳಿಗಾಲದಲ್ಲಿ ಹೆಸರಘಟ್ಟದಂಥ ಹುಲ್ಲುಗಾವಲಲ್ಲಿ ತೆಗೆದ ದೂರದ ಫೋಟೊಗಳಲ್ಲಿ ಹೆಚ್ಚು ಚರ್ಚೆಗೆ ಬರುವ ಜೋಡಿ ಇದು: ವರ್ಷವಿಡೀ ಕಾಣುವ ನಮ್ಮ ಮಾಮೂಲಿ ಹದ್ದು, ಅಂದರೆ ಬ್ಲ್ಯಾಕ್ ಕೈಟ್, ಮತ್ತು ವಲಸೆ ಬರುವ ಬೂಟೆಡ್ ಈಗಲ್ ಎಂಬ ಬೇಟೆಹಕ್ಕಿಯ ಕಂದು ರೂಪ (ಒಂದೇ ಜಾತಿಯಲ್ಲಿ ಕಂದು, ತಿಳಿ ಎಂದು ಎರಡು ಬಣ್ಣದ ಹಕ್ಕಿಗಳಿರುತ್ತವೆ). ಈಗಲ್‌ನ ತಿಳಿ ರೂಪ ಇಷ್ಟು ಕಾಡುವುದಿಲ್ಲ. ರೆಕ್ಕೆಯಡಿಯ ಮುಂಭಾಗ ಬಿಳಿ, ಹಿಂಭಾಗ ಕಪ್ಪು. ಮಸುಕಾದ ಚಿತ್ರದಲ್ಲೂ ಸಿಗುತ್ತದೆ. ಆದರೆ ರಾಮನಗರದ ಕಡೆ ಇದೇ ಬಣ್ಣ ಕಂಡರೆ ಮೊದಲು ಬಾಲ ನೋಡಿ: ಬೆಣೆಯಂತೆ ಚೂಪಾಗಿದ್ದರೆ ಅದು ಈಜಿಪ್ಷಿಯನ್ ವಲ್ಚರ್ ಎಂಬ ರಣಹದ್ದು.

ಚಿತ್ರದಲ್ಲಿ ಎಷ್ಟು ವಿವರ ಉಳಿದಿರಬಹುದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ರೆಕ್ಕೆಯ ಹರವು 1.4 ಮೀಟರ್ ಇರುವ ಹಕ್ಕಿ 300 ಮೀಟರ್ ದೂರದಲ್ಲಿದ್ದು, ಲೆನ್ಸ್ 400 ಮಿ.ಮೀ. ಆದರೆ, ಸೆನ್ಸರ್ ಮೇಲೆ ಅದು 1.9 ಮಿ.ಮೀ. ಉದ್ದದ ಗೆರೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾದಲ್ಲಿ ಸುಮಾರು 480 ಪಿಕ್ಸೆಲ್. ಇದರಲ್ಲಿ ಆಕಾರ ಚೆನ್ನಾಗಿ ಸಿಗುತ್ತದೆ. ದೂರ ದುಪ್ಪಟ್ಟಾದರೆ 240 ಪಿಕ್ಸೆಲ್. ಬಾಲದ ಸಣ್ಣ ಪಟ್ಟೆಗಳನ್ನು ಮರೆತುಬಿಡಿ. ಇದರ ಮೇಲೆ ಮಧ್ಯಾಹ್ನದ ಬಿಸಿಗಾಳಿಯ ಕಂಪನವೂ ಸೇರಿದರೆ ಎಷ್ಟು ದೊಡ್ಡ ಲೆನ್ಸ್ ಇದ್ದರೂ ಅಷ್ಟೇ.

ಆಕಾಶದ ಎದುರಿನ ಹಕ್ಕಿ ಕಪ್ಪಾಗಿ ಬರುವುದು ಸಹಜ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ದತ್ತಾಂಶ) ಇದ್ದರೆ ಅದರಲ್ಲೇ ನೆರಳಿನ ಭಾಗವನ್ನು ಬೆಳಗಿಸಿ, ಅಲ್ಲಿಗೆ ನಿಲ್ಲಿಸಿ. ಶಾರ್ಪನಿಂಗ್ ಹೆಚ್ಚಾದರೆ ರೆಕ್ಕೆಯಂಚಿನಲ್ಲಿ ಇಲ್ಲದ ಬಿಳಿ ಗೆರೆ ಹುಟ್ಟುತ್ತದೆ. ಎಐ ಬಳಸಿ ಚಿತ್ರ ಹಿಗ್ಗಿಸುವ ಆ್ಯಪ್‌ಗಳಂತೂ ಬೇಡವೇ ಬೇಡ: ಅವು ಗರಿಗಳನ್ನು ತಾವೇ ಬಿಡಿಸುತ್ತವೆ. ತೆಗೆಯುವಾಗಲೇ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರವನ್ನು ಬೆಳಗಿಸುವ ಅಥವಾ ಕಪ್ಪಾಗಿಸುವ ಕ್ಯಾಮೆರಾ ಸೆಟ್ಟಿಂಗ್) +1 ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಅತಿಯಾದರೆ ಬೆಳಕು ಅಂಚನ್ನು ತಿಂದು ರೆಕ್ಕೆ ಕಿರಿದಾಗಿ ಕಾಣುತ್ತದೆ, ಎಚ್ಚರ.

ಈಗ ಬಾಲ. ಹದ್ದಿನ ಬಾಲ ಕವಲು ಎಂದು ಎಲ್ಲರೂ ಕಲಿತಿರುತ್ತೇವೆ, ತಪ್ಪುವುದೂ ಅಲ್ಲೇ. ಹದ್ದು ಬಾಲವನ್ನು ಪೂರ್ತಿ ಬಿಚ್ಚಿದಾಗ ಕವಲು ಮಾಯವಾಗಿ ಹಿಂದಿನ ಅಂಚು ನೇರವಾಗುತ್ತದೆ, ತ್ರಿಕೋನ ಕಾಣುತ್ತದೆ. ಆಗ ನೋಡಬೇಕಾದ್ದು ಎರಡು ಮೂಲೆಗಳನ್ನು. ಹದ್ದಿನಲ್ಲಿ ಅವು ಚೂಪು. ಬೂಟೆಡ್ ಈಗಲ್ ಬಾಲ ಬಿಚ್ಚಿದಾಗ ಅಂಚು ಬೀಸಣಿಗೆಯ ಹಾಗೆ ತುಸು ದುಂಡಗಾಗುತ್ತದೆ, ಮುಚ್ಚಿದಾಗ ಚೌಕ. ಗರಿ ಉದುರಿಸುತ್ತಿರುವ ಹದ್ದಿಗೆ ಹೊರಗರಿಗಳೇ ಇಲ್ಲದಿದ್ದರೆ ಈ ಗುರುತೂ ಕೈಕೊಡುತ್ತದೆ. ಹಾಗಾಗಿ ರೆಕ್ಕೆಯಲ್ಲೂ ಗರಿ ಬಿದ್ದ ಸಂದುಗಳಿವೆಯೇ ನೋಡಿ. ರೆಕ್ಕೆತುದಿಯ ಬೆರಳುಗಳನ್ನು, ಅಂದರೆ ಅಲ್ಲಿ ಬಿಡಿಬಿಡಿಯಾಗಿ ಚಾಚಿದ ಗರಿಗಳನ್ನು, ಎಣಿಸಿ ಪ್ರಯೋಜನವಿಲ್ಲ, ಈ ಜೋಡಿಯನ್ನು ಅದು ಬೇರೆ ಮಾಡುವುದಿಲ್ಲ.

ರೆಕ್ಕೆಯಡಿಯ ತಿಳಿ ಮಚ್ಚೆ ಇಬ್ಬರಲ್ಲೂ ಇರಬಹುದು. ಅದು ಎಲ್ಲಿದೆ ಎಂಬುದೇ ಮುಖ್ಯ. ಹದ್ದಿನಲ್ಲಿ ಅದು ಬೆರಳುಗಳ ಬುಡದಲ್ಲಿ. ಈಗಲ್‌ನಲ್ಲಿ ಬೆರಳುಗಳಿಗಿಂತ ಒಳಗಿನ ಮೂರು ಗರಿಗಳು ತಿಳಿಯಾಗಿ, ಆ ತಿಳಿಬಣ್ಣ ರೆಕ್ಕೆಯ ಹಿಂದಿನ ಅಂಚಿನವರೆಗೂ ಬರುತ್ತದೆ. ಸೂರ್ಯ ಹಕ್ಕಿಯ ಹಿಂದಿದ್ದರೆ ಮಾತ್ರ ಈ ಗುರುತನ್ನು ನಂಬಬೇಡಿ, ಬೆಳಕು ತೂರಿ ಯಾವ ಹಕ್ಕಿಯ ಗರಿಯೂ ಹೊಳೆಯುತ್ತದೆ.

ಹಕ್ಕಿ ವಾಲಿ ಬೆನ್ನು ತೋರಿಸಿದ ಫ್ರೇಮ್ ಒಂದು ಸಿಕ್ಕರೆ ಅದೃಷ್ಟ. ಬಾಲದ ಬುಡದ ಮೇಲೆ ಬಿಳಿಚು ಕಮಾನು ಇದ್ದರೆ ಈಗಲ್. ರೆಕ್ಕೆಯ ಮೇಲಿನ ತಿಳಿ ಪಟ್ಟಿ ಹದ್ದಿನಲ್ಲೂ ಇರುವುದರಿಂದ ಅದೊಂದೇ ಸಾಲದು. ನೇರ ಎದುರಿನಿಂದ ಬಂದರೆ ಕತ್ತು-ರೆಕ್ಕೆ ಸೇರುವಲ್ಲಿ ಎರಡು ಬಿಳಿ ಚುಕ್ಕೆಗಳನ್ನು ಹುಡುಕಿ, ಅವೂ ಈಗಲ್‌ನವೇ.

ಇದಕ್ಕಾಗಿಯೇ ಹತ್ತಿರದ ಒಂದು ಫೋಟೊಗಿಂತ ಸಾಲಾಗಿ ತೆಗೆದ ಹತ್ತು ಕೆಟ್ಟ ಫೋಟೊ ಮೇಲು. ಹದ್ದು ಹಾರುತ್ತಲೇ ಬಾಲವನ್ನು ಅತ್ತಿತ್ತ ತಿರುಚುತ್ತಿರುತ್ತದೆ, ಸಾಲು ಚಿತ್ರಗಳಲ್ಲಿ ಬಾಲದ ಓರೆ ಬದಲಾಗುತ್ತಾ ಹೋಗುತ್ತದೆ. ಗಾತ್ರದ ಗುರುತಿಗೆ, ಹೋಲಿಸಿ ನೋಡಲು ಅದೇ ಫ್ರೇಮ್‌ನಲ್ಲಿ ಅಟ್ಟಿಸಿಕೊಂಡು ಬಂದ ಕಾಗೆ ಇದ್ದರೆ ಮಾತ್ರ ಬೆಲೆ.

ಎರಡು ಸ್ವತಂತ್ರ ಗುರುತು ಸಿಗದಿದ್ದರೆ ಹೆಸರು ಕೊಡಬೇಡಿ. ಹಕ್ಕಿ ನೋಡಿದ್ದನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಜಾತಿ ಹೇಳದೆ ಗುಂಪಿನ ಮಟ್ಟದಲ್ಲೇ ದಾಖಲಿಸಬಹುದು. ಬೇರೆಯವರ ಅಭಿಪ್ರಾಯ ಕೇಳುವಾಗ ತಿದ್ದಿದ್ದರ ಜೊತೆ ತಿದ್ದದ ಮೂಲ ಚಿತ್ರವನ್ನೂ, ಸ್ಥಳ, ದಿನಾಂಕ, ಸಮಯವನ್ನೂ ಕೊಡಿ.