ದೇವಗಿರಿಯಿಂದ ಪ್ಯಾರಿಸ್ಸಿಗೆ: ಮೆಸ್ಸಿಯಾನ್ ಮತ್ತು 120 ದೇಶೀ ತಾಳಗಳು

ಫ್ರಾನ್ಸಿನ ಆರ್ಗನ್ ವಾದಕ, ಸಂಗೀತ ರಚನಕಾರ ಒಲಿವಿಯೇ ಮೆಸ್ಸಿಯಾನ್ ಅವರ ಹೆಸರು ನಮ್ಮ ಸಂಗೀತಗಾರರ ನಡುವೆ ಬಂದರೆ ಮಾತು ಬೇಗ ಬಿಸಿಯೇರುತ್ತದೆ. ನಮ್ಮ ಶಾಸ್ತ್ರಗ್ರಂಥದ ತಾಳಗಳನ್ನು ಎತ್ತಿಕೊಂಡು ಹೋಗಿ ಹೆಸರು ಮಾಡಿದರು ಎನ್ನುವವರಿದ್ದಾರೆ. ಇಲ್ಲ, ನಮ್ಮ ಶಾಸ್ತ್ರಕ್ಕೆ ಪ್ಯಾರಿಸ್ಸಿನಲ್ಲಿ ಸಿಕ್ಕ ಗೌರವ ಅದು ಎಂದು ಹಿಗ್ಗುವವರೂ ಇದ್ದಾರೆ. ಎರಡೂ ಕಡೆಯ ಮಾತು ಕೇಳಿಸಿಕೊಂಡ ಮೇಲೆ, ಅವರಿಗೆ ತಾಳ ಎಂದರೇನೆಂದೇ ತಿಳಿದಿರಲಿಲ್ಲ ಎಂದು ಯಾರಾದರೂ ಸೇರಿಸುತ್ತಾರೆ. ಎಪ್ಪತ್ತೆಂಬತ್ತು ವರ್ಷಗಳಲ್ಲಿ ಈ ಮಾತುಗಳೆಲ್ಲ ಹೆಣೆದುಕೊಂಡು, ಅವರು ನಿಜವಾಗಿ ತೆಗೆದುಕೊಂಡದ್ದು ಏನು, ಎಲ್ಲಿಂದ ಎನ್ನುವುದು ಮರೆಯಾಗಿದೆ. ಅದನ್ನು ಬಿಡಿಸಲು 13ನೇ ಶತಮಾನದಿಂದಲೇ ಹೊರಡಬೇಕು.

ಶಾರ್ಙ್ಗದೇವ ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿದ್ದವನು. ಅವನ ಅಜ್ಜ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು. ಶಾರ್ಙ್ಗದೇವನ ಕೆಲಸ ಶ್ರೀಕರಣದ್ದು, ಅಂದರೆ ರಾಜ್ಯದ ಲೆಕ್ಕಪತ್ರ ನೋಡಿಕೊಳ್ಳುವುದು. ಅವನು ಬರೆದ ‘ಸಂಗೀತರತ್ನಾಕರ’ದಲ್ಲಿ ಏಳು ಅಧ್ಯಾಯಗಳಿವೆ, ಐದನೆಯದು ತಾಳಾಧ್ಯಾಯ. ಅದರಲ್ಲಿ ಹಳೆಯ ಐದು ಮಾರ್ಗ ತಾಳಗಳನ್ನು ವಿವರಿಸಿದ ಮೇಲೆ 120 ದೇಶೀ ತಾಳಗಳನ್ನು, ಅಂದರೆ ನಾಡಿನ ಬಳಕೆಯಲ್ಲಿದ್ದ ತಾಳಗಳನ್ನು, ಒಂದೊಂದಾಗಿ ಪಟ್ಟಿ ಮಾಡುತ್ತಾನೆ. ಒಂದೊಂದಕ್ಕೂ ಒಂದು ಹೆಸರು, ಎಷ್ಟು ದ್ರುತ, ಎಷ್ಟು ಲಘು, ಎಷ್ಟು ಗುರು, ಎಷ್ಟು ಪ್ಲುತ ಎಂಬ ಲೆಕ್ಕ. ಇವು ಕಾಲದ ಅಳತೆಗಳು: ದ್ರುತದ ಎರಡರಷ್ಟು ಲಘು, ಲಘುವಿನ ಎರಡರಷ್ಟು ಗುರು, ಮೂರರಷ್ಟು ಪ್ಲುತ. ತುರಂಗಲೀಲ, ಸಿಂಹವಿಕ್ರೀಡಿತ, ಗಜಝಂಪ, ಚಂದ್ರಕಲಾ, ರಾಗವರ್ಧನ. ಲೆಕ್ಕದವನ ಅಚ್ಚುಕಟ್ಟು ಈ ಪಟ್ಟಿಯಲ್ಲಿ ಎದ್ದು ಕಾಣುತ್ತದೆ.

ಎರಡು ಶತಮಾನ ಕಳೆದ ಮೇಲೆ ಈ ಗ್ರಂಥಕ್ಕೆ ಬಹಳ ಹೆಸರಾದ ಟೀಕೆಯೊಂದು, ಅಂದರೆ ವ್ಯಾಖ್ಯಾನವೊಂದು, ಹುಟ್ಟಿದ್ದು ವಿಜಯನಗರದಲ್ಲಿ. ಇಮ್ಮಡಿ ದೇವರಾಯನ ಕಾಲದ ಚತುರ ಕಲ್ಲಿನಾಥ ಬರೆದ ಆ ಟೀಕೆಯ ಹೆಸರು ‘ಕಲಾನಿಧಿ’. ಆ ಹೊತ್ತಿಗಾಗಲೇ ಗ್ರಂಥದ ಸಂಗೀತಕ್ಕೂ ಹಾಡುವವರ ಬಾಯಲ್ಲಿದ್ದ ಸಂಗೀತಕ್ಕೂ ನಡುವೆ ಅಂತರ ಬೆಳೆದಿತ್ತು. ಟೀಕೆ ಬೇಕಾದದ್ದೇ ಅದಕ್ಕೆ. ಅದೇ ಸಾಮ್ರಾಜ್ಯದಲ್ಲಿ, ಇನ್ನೂ ನೂರು ವರ್ಷದೊಳಗೆ, ಹರಿದಾಸರ ಸುಳಾದಿಗಳು, ಅಂದರೆ ತಾಳಮಾಲಿಕೆಯ ಹಾಡುಗಳು, ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳನ್ನು ಜನರ ಕೈಬೆರಳಿಗೆ ತಂದವು. ಲಘುವಿನ ಉದ್ದವನ್ನು ಬದಲಿಸುವ ಐದು ಜಾತಿಗೆ ಏಳು ತಾಳ ಮೂವತ್ತೈದಾದವು. ಉಳಿದ ನೂರು ಚಿಲ್ಲರೆ ದೇಶೀ ತಾಳಗಳು ಓಲೆಗರಿಯಲ್ಲಿ ಉಳಿದವು. ಆಗೊಮ್ಮೆ ಈಗೊಮ್ಮೆ ವಿದ್ವಾಂಸರೊಬ್ಬರು 128 ಅಕ್ಷರದ (ಅಕ್ಷರ ಎಂದರೆ ತಾಳದ ಎಣಿಕೆಯ ಒಂದು ಘಟಕ) ಸಿಂಹನಂದನದಲ್ಲಿ ಪಲ್ಲವಿ ಹಾಡಿ ಸಭೆಯನ್ನು ಬೆರಗುಗೊಳಿಸಿದ್ದುಂಟು. ಆದರೆ ದಿನನಿತ್ಯದ ಸಂಗೀತ ಆ ಪಟ್ಟಿಯನ್ನು ಬಿಟ್ಟು ಮುಂದೆ ಹೋಗಿತ್ತು. ಅದರಲ್ಲಿ ತಪ್ಪೇನಿಲ್ಲ, ಹಾಡುಗಾರಿಕೆ ತನಗೆ ಬೇಕಾದದ್ದನ್ನು ಇಟ್ಟುಕೊಳ್ಳುತ್ತದೆ. ಮುಂದಿನ ಜಗಳಕ್ಕೆ ಬೇಕಾದ ಮಾತು ಇಷ್ಟೇ: ಮೆಸ್ಸಿಯಾನ್ ಅವರ ಕೈಗೆ ಸಿಗುವ ಎಷ್ಟೋ ಮೊದಲೇ, ನಮ್ಮ ಕೈಯಲ್ಲೇ, ಅದು ಬರಿಯ ಪಟ್ಟಿಯಾಗಿತ್ತು.

1896–97ರಲ್ಲಿ ಪುಣೆಯ ಆನಂದಾಶ್ರಮ ಕಲ್ಲಿನಾಥನ ಟೀಕೆಯೊಂದಿಗೆ ರತ್ನಾಕರವನ್ನು ಅಚ್ಚು ಹಾಕಿಸಿತು. ಅತ್ತ ಫ್ರಾನ್ಸಿನಲ್ಲಿ ಆಲ್ಬರ್ಟ್ ಲಾವಿನ್ಯಾಕ್ ಸಂಪಾದಿಸಿದ ಸಂಗೀತ ವಿಶ್ವಕೋಶಕ್ಕೆ ಜೊವಾನಿ ಗ್ರೊಸ್ಸೆ ಎಂಬ ಸಂಸ್ಕೃತ ವಿದ್ವಾಂಸರು ಭಾರತದ ಸಂಗೀತದ ಬಗ್ಗೆ ಒಂದು ದೀರ್ಘ ಲೇಖನ ಬರೆದರು. ಶಾರ್ಙ್ಗದೇವನ 120 ತಾಳಗಳ ಪಟ್ಟಿ ಅದರಲ್ಲಿ ಪಾಶ್ಚಾತ್ಯ ಸ್ವರಲಿಪಿಯ ಚಿಹ್ನೆಗಳಲ್ಲಿ ಸೇರಿತ್ತು. ಪ್ಯಾರಿಸ್ಸಿನ ವಿದ್ಯಾರ್ಥಿಯೊಬ್ಬರು ಆ ಪುಟ ತೆರೆದರು.

ಮೆಸ್ಸಿಯಾನ್ ಹುಟ್ಟಿದ್ದು 1908ರ ಡಿಸೆಂಬರ್ 10ರಂದು, ಆವಿನ್ಯೋನ್ ಊರಿನಲ್ಲಿ. ತಾಯಿ ಸೆಸಿಲ್ ಸೊವಾಜ್ ಕವಯಿತ್ರಿ. ಮಗ ಹೊಟ್ಟೆಯಲ್ಲಿದ್ದಾಗಲೇ ಅವನ ಮೇಲೆ ಕವಿತೆ ಕಟ್ಟಿದವರು. ತಂದೆ ಇಂಗ್ಲಿಷ್ ಮೇಷ್ಟ್ರು, ಶೇಕ್ಸ್‌ಪಿಯರನ ನಾಟಕಗಳನ್ನು ಫ್ರೆಂಚಿಗೆ ತಂದವರು. ಹುಡುಗ ಹನ್ನೊಂದು ತುಂಬುವ ಹೊತ್ತಿಗೆ ಪ್ಯಾರಿಸ್ಸಿನ ಕನ್ಸರ್ವೇಟರಿ ಸೇರಿದ. ಅಲ್ಲಿ ಮಾರ್ಸೆಲ್ ದ್ಯುಪ್ರೆ ಅವರಿಂದ ಆರ್ಗನ್, ಪೋಲ್ ದ್ಯುಕಾ ಅವರಿಂದ ರಚನೆ. ಮೊರೀಸ್ ಎಮಾನ್ಯುಯೆಲ್ ಅವರ ತರಗತಿಯಲ್ಲಿ ಗ್ರೀಕ್ ಛಂದಸ್ಸಿನ ರುಚಿ ಹತ್ತಿತು. 1931ರಲ್ಲಿ, 22ನೇ ವಯಸ್ಸಿಗೆ, ತ್ರಿನಿತೆ ಚರ್ಚಿನ ಆರ್ಗನ್ ವಾದಕರಾದರು. 1992ರಲ್ಲಿ ತೀರಿಕೊಳ್ಳುವವರೆಗೂ, ಅರವತ್ತು ವರ್ಷಕ್ಕೂ ಮೇಲೆ, ಆ ಪೀಠ ಬಿಡಲಿಲ್ಲ. ಜಗತ್ತಿನಾದ್ಯಂತ ಹೆಸರಾದ ಮೇಲೂ ಊರಲ್ಲಿದ್ದರೆ ಭಾನುವಾರ ಚರ್ಚಿನ ಅಟ್ಟ ಹತ್ತಿ, ಕವಾಯೆ-ಕೋಲ್ ಕಟ್ಟಿದ ಆ ಆರ್ಗನ್ ಮುಂದೆ ಕೂರುತ್ತಿದ್ದರು. ಅವರ ಸ್ವರಮೇಳ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಕಿವಿಗೆ ಕರ್ಕಶವೆಂದು ಪ್ರಾರ್ಥನೆಗೆ ಬಂದ ಕೆಲವರು ದೂರುತ್ತಿದ್ದರು.

ಈಗ ಆ ಪುಟದ ಒಂದೇ ತಾಳವನ್ನು ಹತ್ತಿರದಿಂದ ನೋಡೋಣ. ರಾಗವರ್ಧನ: ಒಂದು ದ್ರುತ, ಒಂದು ವಿರಾಮ ಸಹಿತ ದ್ರುತ, ಮತ್ತೆ ಒಂದು ದ್ರುತ, ಕೊನೆಗೆ ಒಂದು ಪ್ಲುತ. ದ್ರುತಕ್ಕೆ ಎರಡಕ್ಷರ ಎಂದಿಟ್ಟುಕೊಂಡರೆ ವಿರಾಮ ಅದಕ್ಕೆ ಅರ್ಧ ಸೇರಿಸಿ ಮೂರು ಮಾಡುತ್ತದೆ, ಪ್ಲುತ ಹನ್ನೆರಡು. ಬಾಯಲ್ಲಿ ಹೇಳಿಕೊಳ್ಳಿ: ತಕ ತಕಿಟ ತಕ, ಆಮೇಲೆ ಹನ್ನೆರಡಕ್ಷರದ ಉದ್ದ ನಿಲುಗಡೆ. 2, 3, 2, 12.

ಮೆಸ್ಸಿಯಾನ್ ಮಾಡಿದ್ದು ಎರಡು ಕೆಲಸ. ತಾಳವನ್ನು ಹಿಂದುಮುಂದಾಗಿ ತಿರುಗಿಸಿದರು; ಹನ್ನೆರಡರ ಪ್ಲುತವನ್ನು ನಾಲ್ಕು ನಾಲ್ಕು ನಾಲ್ಕಾಗಿ ಮುರಿದರು. ಆಗ ಬಂದದ್ದು: ತಕದಿಮಿ ತಕದಿಮಿ ತಕದಿಮಿ, ತಕ ತಕಿಟ ತಕ. ನಮ್ಮಲ್ಲಿ ಕೆಲವು ಪಾಠಗಳಲ್ಲಿ ಪ್ಲುತವನ್ನು ಕೈಯಲ್ಲಿ ತೋರಿಸುವಾಗ ಒಂದು ಘಾತ, ಎಡಕ್ಕೊಂದು ಕೃಷ್ಯ, ಬಲಕ್ಕೊಂದು ಸರ್ಪಿಣಿ ಎಂದು ನಾಲ್ಕರ ಮೂರು ಭಾಗವನ್ನೇ ಮಾಡುತ್ತಾರೆ. ಕೈಯಲ್ಲಿ ತಾಳ ಹಾಕುವುದನ್ನು ಕಲಿಯದವರು ಬರೀ ಕಾಗದದಿಂದ ಅದೇ ಜಾಗಕ್ಕೆ ಬಂದರಲ್ಲ ಎಂದು ನನಗೆ ಈಗಲೂ ಸೋಜಿಗ.

ಹೀಗೆ ಮುರಿದಿಟ್ಟ ತಾಳದಲ್ಲಿ ಅವರಿಗೆ ಎರಡು ಸಂಗತಿ ಕಂಡವು. ಒಂದು, ನಡುವಿನ ‘ತಕಿಟ’ದಲ್ಲಿ ಹೆಚ್ಚಾಗಿ ಸೇರಿರುವ ಆ ಒಂದಕ್ಷರ. ಸಮವಾಗಿ ನಡೆಯುತ್ತಿರುವ ಲಯಕ್ಕೆ ಒಂದೇ ಒಂದು ಸಣ್ಣ ಕಾಲಾಂಶ ಸೇರಿಸಿದರೆ ನಡಿಗೆಯೇ ಬದಲಾಗುತ್ತದೆ. ಅದನ್ನು ‘ಸೇರಿಸಿದ ಮೌಲ್ಯ’ ಎಂದು ಕರೆದು ಜೀವನವಿಡೀ ಬಳಸಿದರು. 1935ರಲ್ಲಿ ಯೇಸುವಿನ ಜನನದ ಮೇಲೆ ಆರ್ಗನ್‌ಗಾಗಿ ಬರೆದ ಒಂಬತ್ತು ಧ್ಯಾನಗಳಲ್ಲೇ ಅದು ಕೇಳಿಸುತ್ತದೆ. ಎರಡನೆಯದು, ‘ತಕ ತಕಿಟ ತಕ’ ಹಿಂದಿನಿಂದ ಓದಿದರೂ ಅದೇ. ಇಂಥವಕ್ಕೆ ‘ಹಿಂದಿರುಗಿಸಲಾಗದ ಲಯ’ ಎಂದು ಹೆಸರಿಟ್ಟರು. ಪಟ್ಟಿಯಲ್ಲಿದ್ದ ಢೇಂಕೀ ತಾಳವೂ ಇಂಥದ್ದೇ: ಗುರು, ಲಘು, ಗುರು. ಹೈಸ್ಕೂಲಿನ ಛಂದಸ್ಸಿನ ಪಾಠ ನೆನಪಿದ್ದವರಿಗೆ ಇದು ರಗಣ, ‘ರಾಜಭಾ’. ಈ ಸಣ್ಣ ಗಣದಲ್ಲಿ ಎರಡೂ ಕಡೆಯಿಂದ ಒಂದೇ ಆಗಿರುವ ಕಾಲ ಅವರಿಗೆ ಕಂಡಿತು, ಮತ್ತು ಅವರಿಗೆ ಅದು ದೇವರ ಕಾಲದ, ಆದಿ ಅಂತ್ಯ ಇಲ್ಲದ ಕಾಲದ ಸುಳಿವು. ಗಟ್ಟಿ ಕ್ಯಾಥೊಲಿಕ್ ನಂಬಿಕೆಯವರು ಅವರು. ಲೆಕ್ಕವನ್ನು ಎಂದೂ ಬರೀ ಲೆಕ್ಕಕ್ಕಾಗಿ ಮಾಡಲಿಲ್ಲ.

1940ರಲ್ಲಿ ಜರ್ಮನ್ ಸೇನೆಗೆ ಸೆರೆಸಿಕ್ಕಿ ಗೋರ್ಲಿಟ್ಸ್ ಬಳಿಯ ಯುದ್ಧಕೈದಿಗಳ ಶಿಬಿರ ಸೇರಿದರು. ಅಲ್ಲಿ ಸಿಕ್ಕ ಕ್ಲಾರಿನೆಟ್ ವಾದಕ ಆನ್ರಿ ಅಕೋಕಾ, ಪಿಟೀಲಿನ ಝಾನ್ ಲ ಬೂಲೇರ್, ಚೆಲ್ಲೋದ ಎತಿಯೆನ್ ಪಾಸ್ಕಿಯೇ ಮತ್ತು ತನಗಾಗಿ, ಕಾಲದ ಅಂತ್ಯದ ಮೇಲೆ, ಎಂಟು ಭಾಗದ ಚತುರ್ವಾದ್ಯ ರಚನೆ ಬರೆದರು. 1941ರ ಜನವರಿ 15ರಂದು, ಚಳಿ ಕೊರೆಯುವ ಬ್ಯಾರಕ್ಕಿನಲ್ಲಿ, ಕೈದಿಗಳೂ ಕಾವಲುಗಾರರೂ ಒಟ್ಟಿಗೆ ಕೂತು ಕೇಳಿದರು. ಚೆಲ್ಲೋಗೆ ಮೂರೇ ತಂತಿ ಇದ್ದವು ಎಂಬ ಕಥೆ ಮುಂದೆ ಹರಡಿತು. ನುಡಿಸಿದ ಪಾಸ್ಕಿಯೇ ಅವರೇ ನಾಲ್ಕೂ ಇದ್ದವು ಎಂದು ಹೇಳಿದ್ದಾರೆ. ಆ ಸಂಜೆಗೆ ಕಥೆಯ ಅಲಂಕಾರ ಬೇಕಾಗಿಯೂ ಇಲ್ಲ.

ಅದರ ಮೊದಲ ಭಾಗದಲ್ಲಿ ಕ್ಲಾರಿನೆಟ್ಟು, ಪಿಟೀಲು ಹಕ್ಕಿಗಳಂತೆ ಕೂಗುತ್ತಿರುವಾಗ, ಕೆಳಗೆ ಪಿಯಾನೋ ಮೂರು ದೇಶೀ ತಾಳಗಳನ್ನು ಸಾಲಾಗಿ ನುಡಿಸುತ್ತದೆ. ತಿರುಗಿಸಿದ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. ಚಂದ್ರಕಲಾ ಎಂದರೆ ಮೂರು ಗುರು, ಮೂರು ಪ್ಲುತ, ಒಂದು ಲಘು. ಮೆಸ್ಸಿಯಾನ್ ಅವರಲ್ಲಿ ಅದು ತಕ ತಕ ತಕ ತಕಿಟ ತಕಿಟ ತಕಿಟ ತ. ಇಲ್ಲಿ ನಮ್ಮ ಪಾಠಶಾಲೆಯ ಕಿವಿ ತಟ್ಟನೆ ನಿಲ್ಲುತ್ತದೆ. ಮೊದಲ ತಾಳದಲ್ಲಿ ಲಘುವಿಗೆ ನಾಲ್ಕಿತ್ತು, ಎರಡನೆಯದರಲ್ಲಿ ಲಘುವಿಗೆ ಒಂದು! ಒಂದೇ ಸಾಲಿನಲ್ಲಿ ಪ್ರಮಾಣ ಬದಲಾಯಿತು. ಗುರುಗಳ ಮುಂದೆ ಹೀಗೆ ತಾಳ ಹಾಕಿದ್ದರೆ ತೊಡೆಯ ಮೇಲೆ ಏಟು ಬೀಳುತ್ತಿತ್ತು.

ಮೂರೂ ಸೇರಿ 17 ಕಾಲಮಾನಗಳು, 52 ಅಕ್ಷರ. ಅದರ ಮೇಲೆ ಸುತ್ತುವ ಸ್ವರಮೇಳಗಳು 29. 17ನ್ನೂ 29ನ್ನೂ, ಒಂದನ್ನೂ ಅವುಗಳನ್ನೂ ಬಿಟ್ಟರೆ, ಬೇರೆ ಯಾವ ಸಂಖ್ಯೆಯೂ ಭಾಗಿಸದು. ಹಾಗಾಗಿ ಲಯದ ಮೊದಲ ಅಕ್ಷರ ಮತ್ತು ಸಾಲಿನ ಮೊದಲ ಸ್ವರಮೇಳ ಮತ್ತೆ ಕೂಡಬೇಕಾದರೆ ತಾಳದ ಸಾಲು 29 ಸಲ ತಿರುಗಬೇಕು. ಅಷ್ಟರೊಳಗೆ ಆ ಭಾಗ ಮುಗಿದೇ ಹೋಗುತ್ತದೆ. ಮೃದಂಗದ ತನಿ ಆವರ್ತನದಲ್ಲಿ ಎಷ್ಟೇ ದೂರ ಹೋದ ಕೋರ್ವೆಯೂ (ಮುಕ್ತಾಯದ ಲಯಜೋಡಣೆ) ಸಮಕ್ಕೆ, ಅಂದರೆ ಆವರ್ತನದ ಮೊದಲ ಪೆಟ್ಟಿಗೆ, ಬಂದು ಬೀಳುವಾಗ ನಮ್ಮ ಮೈ ಜುಮ್ಮೆನ್ನುತ್ತದಲ್ಲ, ಇಲ್ಲಿ ಆ ಸಮ ಬರುವುದೇ ಇಲ್ಲ. ಕಾಲ ಮುಗಿಯುವುದರ ಬಗ್ಗೆ ಬರೆದ ಸಂಗೀತದಲ್ಲಿ ಅದು ಬರಬಾರದು ಎಂಬುದೇ ಅವರ ಉದ್ದೇಶ. ಅವರಿಗೆ ತಾಳ ತಿಳಿದಿರಲಿಲ್ಲ ಎನ್ನುವವರು ಹೇಳುವುದು ಇದನ್ನೇ: ಪೆಟ್ಟಿಲ್ಲ, ಉಸಿ (ಸದ್ದಿಲ್ಲದ ಕೈಬೀಸು) ಇಲ್ಲ, ಆವರ್ತನವಿಲ್ಲ, ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ) ಇಲ್ಲ, ರಾಗದ ಸಂಗವಿಲ್ಲ. ಎಲ್ಲವೂ ನಿಜ. ಆದರೆ ಅವರ ಮುಂದಿದ್ದ ಪುಟದಲ್ಲೂ ಇವು ಯಾವುವೂ ಇರಲಿಲ್ಲ. ಇದ್ದದ್ದು ಹೆಸರು ಮತ್ತು ಅಳತೆ.

ಗೋಜಲು ಹೆಚ್ಚಾದದ್ದು ಯುದ್ಧದ ನಂತರ. 1944ರಲ್ಲಿ ತಮ್ಮ ಸಂಗೀತಭಾಷೆಯ ತಂತ್ರವನ್ನು ವಿವರಿಸುವ ಪುಸ್ತಕ ಪ್ರಕಟಿಸಿ, ಶಾರ್ಙ್ಗದೇವನ ಹೆಸರನ್ನೂ ಪಟ್ಟಿಯನ್ನೂ ಮೊದಲ ಅಧ್ಯಾಯಗಳಲ್ಲೇ ನೆನೆದರು. ಋಣವನ್ನು ಮುಚ್ಚಿಟ್ಟರು ಎಂಬ ಆರೋಪ ಅಲ್ಲಿಗೇ ಬಿದ್ದುಹೋಗಬೇಕಿತ್ತು. 1946ರಿಂದ 48ರವರೆಗೆ ಬರೆದ ಹತ್ತು ಭಾಗದ ‘ತುರಂಗಲೀಲಾ’ ಸಿಂಫನಿ 1949ರ ಡಿಸೆಂಬರ್ 2ರಂದು ಬಾಸ್ಟನ್ನಿನಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ಅವರ ನಿರ್ದೇಶನದಲ್ಲಿ ಮೊಳಗಿತು. ಕುದುರೆಯ ಓಟ, ಲೀಲೆ. ನಮಗೆ ಅನುವಾದವೇ ಬೇಡದ ಹೆಸರು. ಅದನ್ನು ಕೇಳಿದವರು ಹೆಸರಿನ ಬಲದಿಂದಲೇ ಇದು ಭಾರತೀಯ ಸಂಗೀತ ಎಂದುಕೊಂಡರು. ಅದೇ ವರ್ಷದ ಒಂದು ಪಿಯಾನೋ ರಚನೆಯಲ್ಲಿ ನಿಜವಾದ ತಾಳಗಳ ಪಕ್ಕದಲ್ಲೇ ಸಂಸ್ಕೃತದಂತೆ ಕೇಳುವ ಕಲ್ಪಿತ ಹೆಸರುಗಳನ್ನೂ ಬರೆದರು. ಯಾವುದು ರತ್ನಾಕರದ್ದು, ಯಾವುದು ಕವಿಕಲ್ಪನೆ ಎಂದು ಬೇರ್ಪಡಿಸದೆ ಓದಿದವರು ಎರಡನ್ನೂ ಒಂದೇ ಮೂಟೆಗೆ ತುಂಬಿದರು.

1951ರ ಆರ್ಗನ್ ಪುಸ್ತಕದಲ್ಲಿ ಪ್ರತಾಪಶೇಖರ, ಗಜಝಂಪ, ಸಾರಸ ಎಂಬ ಮೂರು ತಾಳಗಳು ನಾಟಕದ ಪಾತ್ರಗಳಾದವು: ಒಂದು ಬೆಳೆಯುತ್ತದೆ, ಒಂದು ಕುಗ್ಗುತ್ತದೆ, ಒಂದು ಕದಲದೆ ನೋಡುತ್ತದೆ. ಅವರ ತರಗತಿಯಲ್ಲಿ ಕೂತು ಇದನ್ನೆಲ್ಲ ಕೇಳಿದವರಲ್ಲಿ ಪಿಯೇರ್ ಬುಲೇಜ್, ಸ್ಟಾಕ್‌ಹೌಸನ್, ಕ್ಸೆನಾಕಿಸ್ ಎಂಬ ರಚನಕಾರರು ಇದ್ದರು. ಕಾಲಮಾನವನ್ನೂ ಸ್ವರದಷ್ಟೇ ಬಿಡಿಯಾಗಿ ಜೋಡಿಸಬಹುದು ಎಂಬ ಯೋಚನೆ ಯುರೋಪಿನ ಒಂದು ಇಡೀ ಪೀಳಿಗೆಗೆ ಹರಡಿದ್ದರಲ್ಲಿ ಈ ತರಗತಿಯ ಪಾಲು ದೊಡ್ಡದು. ಆಮೇಲಿನ ನಲವತ್ತು ವರ್ಷ ಹಕ್ಕಿಗಳದ್ದು. 1956ರಲ್ಲಿ ಮೊದಲು ನುಡಿಸಲಾದ ಪರದೇಶದ ಹಕ್ಕಿಗಳ ರಚನೆಯಲ್ಲಿ ಭಾರತದ ಗುಡ್ಡದ ಮೈನಾ, ಶಾಮಾ ಹಾಡುತ್ತವೆ. ತಾಳವಾದ್ಯಗಳಲ್ಲಿ ಗ್ರೀಕ್ ಛಂದಸ್ಸಿನ ಜತೆ ದೇಶೀ ತಾಳಗಳು ನಡೆಯುತ್ತವೆ.

ಕೊನೆಯವರೆಗೂ ಅವರು ಕೆಲಸ ಮಾಡುತ್ತಿದ್ದುದು ಲಯದ ಮೇಲಿನ ಒಂದು ಬೃಹತ್ ಗ್ರಂಥಕ್ಕಾಗಿ. ಅದು ಮುಗಿಯುವ ಮೊದಲೇ ತೀರಿಕೊಂಡರು. ಪತ್ನಿ, ಪಿಯಾನೋ ವಾದಕಿ ಇವೋನ್ ಲೊರಿಯೋ ಅವರು ಟಿಪ್ಪಣಿಗಳನ್ನು ಜೋಡಿಸಿ 1994ರಿಂದ 2002ರವರೆಗೆ ಏಳು ಸಂಪುಟಗಳಾಗಿ ಹೊರತಂದರು. ಮೊದಲ ಸಂಪುಟದಲ್ಲಿ ಶಾರ್ಙ್ಗದೇವನ ತಾಳಗಳಿಗೆ ದೊಡ್ಡ ಜಾಗವಿದೆ. ಹೆಸರಿನ ಅರ್ಥ, ಅಳತೆಯ ಒಳಗಿನ ಸಂಬಂಧ, ಸಂಖ್ಯೆಯ ಸಂಕೇತ, ತಮಗೆ ಕಂಡ ಬೆಳಕು, ಎಲ್ಲವನ್ನೂ ಬರೆದಿದ್ದಾರೆ. ಮೂಲದ ಒಂದು ಸಾಲನ್ನು ಹಿಡಿದು ಹತ್ತು ಸಾಲು ಬಿಡಿಸುವ ಈ ರೀತಿಯನ್ನು ನಾವು ಟೀಕೆ ಎಂದು ಕರೆಯುತ್ತೇವೆ. ಕಲ್ಲಿನಾಥನದ್ದೂ ಇದೇ ಕೆಲಸವಾಗಿತ್ತು, ಅವನಿಗೂ ಎಷ್ಟೋ ತಾಳಗಳು ಕೇಳಿದವಲ್ಲ, ಓದಿದವು. ನನ್ನ ಮಟ್ಟಿಗೆ ಮೆಸ್ಸಿಯಾನ್ ಅವರ ಜಾಗ ಆ ಸಾಲಿನಲ್ಲಿದೆ. ಕನ್ನಡದಲ್ಲಿ ರತ್ನಾಕರದ ತಾಳಾಧ್ಯಾಯ ಪಾಠ ಮಾಡುವವರು ರಾಗವರ್ಧನಕ್ಕೆ ಬಂದಾಗ ಆ ಫ್ರೆಂಚ್ ಟೀಕೆಯನ್ನೂ ಮೇಜಿನ ಮೇಲಿಟ್ಟು, ಪಿಯಾನೋದ ಆ ಎರಡೂವರೆ ನಿಮಿಷವನ್ನು ವಿದ್ಯಾರ್ಥಿಗಳಿಗೆ ಕೇಳಿಸಿ, ಕೈಯಲ್ಲಿ ತಾಳ ಹಾಕಿಸಿ ನೋಡಬೇಕು. ಎಲ್ಲಿ ಕೈ ತಪ್ಪುತ್ತದೆ ಎಂದು ಅವರೇ ಹೇಳಲಿ.