ಪದ ಪರಿಚಯ: ಆಸ್ಟ್ರೋಟರ್ಫಿಂಗ್

ಒಂದು ಕಂಪನಿಯೋ ಇಡೀ ಉದ್ಯಮವೋ ದುಡ್ಡು ಹಾಕಿ, ತನ್ನ ಹೆಸರು ಮುಚ್ಚಿಟ್ಟು, ತನಗೆ ಬೇಕಾದ ಮಾತನ್ನು ಜನಸಾಮಾನ್ಯರೇ ತಾವಾಗಿ ಎದ್ದು ಹೇಳುತ್ತಿದ್ದಾರೆ ಎಂದು ಕಾಣುವ ಹಾಗೆ ಮಾಡುವುದಕ್ಕೆ ಆಸ್ಟ್ರೋಟರ್ಫಿಂಗ್ ಎನ್ನುತ್ತಾರೆ. ನಾಗರಿಕ ವೇದಿಕೆ, ಗ್ರಾಹಕರ ಒಕ್ಕೂಟ, ರೋಗಿಗಳ ಬಳಗ, ರೈತ ಸಂಘ, ಹೀಗೆ ವೇಷ ಯಾವುದಾದರೂ ಇರಬಹುದು. ಹಣ ಉದ್ಯಮದ್ದು, ಮುಖ ಜನರದ್ದು, ನಡುವಿನ ನಂಟು ಗುಟ್ಟು. ಈ ಮೂರರಲ್ಲಿ ಗುಟ್ಟೇ ಮುಖ್ಯ. ಸಿಮೆಂಟ್ ತಯಾರಕರು ತಮ್ಮ ಸಂಘದ ಹೆಸರಲ್ಲೇ ಸಚಿವರಿಗೆ ಮನವಿ ಕೊಟ್ಟರೆ ಅದು ಲಾಬಿ. ಮಾತು ಯಾರದ್ದು ಎಂದು ಸಚಿವರಿಗೆ ಗೊತ್ತು, ಅದಕ್ಕೆ ತಕ್ಕ ತೂಕ ಕೊಡುತ್ತಾರೆ. ಅದೇ ಮನವಿ ಮನೆ ಕಟ್ಟಿಕೊಳ್ಳಲು ಒದ್ದಾಡುವವರ ಹೆಸರಲ್ಲಿ ಬಂದರೆ ತೂಕವೇ ಬೇರೆ. ಉದ್ಯಮ ದುಡ್ಡು ಕೊಟ್ಟು ಕೊಳ್ಳುವುದು ಈ ಹೆಚ್ಚುವರಿ ತೂಕವನ್ನು.

ಆಸ್ಟ್ರೋಟರ್ಫ್ ಅನ್ನುವುದು ಅಮೆರಿಕದಲ್ಲಿ ತಯಾರಾದ ಪ್ಲಾಸ್ಟಿಕ್ ಹುಲ್ಲುಹಾಸು. 1966ರಲ್ಲಿ ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್ ಕ್ರೀಡಾಂಗಣಕ್ಕೆ ಹಾಸಿದ ಮೇಲೆ ಆ ಹೆಸರು ನಿಂತಿತು. ತಳಮಟ್ಟದ ಜನರ ಚಳವಳಿಗೆ ಇಂಗ್ಲಿಷಿನಲ್ಲಿ 'ಗ್ರಾಸ್‌ರೂಟ್ಸ್', ಅಂದರೆ ಹುಲ್ಲಿನ ಬೇರು ಎನ್ನುವ ರೂಢಿ ಇದೆ. 1985ರಲ್ಲಿ ವಿಮಾ ಕಂಪನಿಗಳ ಪರವಾದ ಪತ್ರಗಳು ರಾಶಿ ರಾಶಿಯಾಗಿ ಬಂದು ಬಿದ್ದಾಗ ಟೆಕ್ಸಾಸ್‌ನ ಸೆನೆಟರ್ ಲಾಯ್ಡ್ ಬೆಂಟ್ಸನ್, ನಿಜವಾದ ಹುಲ್ಲಿಗೂ ಆಸ್ಟ್ರೋಟರ್ಫ್‌ಗೂ ಇರುವ ವ್ಯತ್ಯಾಸ ಟೆಕ್ಸಾಸ್‌ನವನಿಗೆ ತಿಳಿಯುತ್ತದೆ ಎಂಬರ್ಥದ ಮಾತಾಡಿದರು. ಪದ ಹುಟ್ಟಿದ್ದು ಅಲ್ಲಿಂದ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಅಮೆರಿಕದ 'ಸಿಟಿಜನ್ಸ್ ಫಾರ್ ಫೈರ್ ಸೇಫ್ಟಿ'ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸೋಫಾದ ಫೋಮ್ ಸಣ್ಣ ಜ್ವಾಲೆಗೆ 12 ಸೆಕೆಂಡ್ ತಡೆದು ನಿಲ್ಲಬೇಕು ಎಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 1975ರಿಂದ ಇತ್ತು. ಅದನ್ನು ಪಾಲಿಸಲು ಫೋಮ್‌ಗೆ ಬೆಂಕಿನಿರೋಧಕ ರಾಸಾಯನಿಕ ಬೆರೆಸುತ್ತಿದ್ದರು. ಆ ರಾಸಾಯನಿಕ ಮನೆಯ ದೂಳಿಗೂ ಮಕ್ಕಳ ಮೈಗೂ ಸೇರುತ್ತಿದೆ ಎಂದು ಗೊತ್ತಾಗಿ ನಿಯಮ ಬದಲಿಸುವ ಮಸೂದೆಗಳು ಬಂದಾಗ ಈ ಸಂಘಟನೆ ಎದುರು ನಿಂತಿತು. ತಾನು ಅಗ್ನಿಶಾಮಕ ವೃತ್ತಿಯವರು, ಶಿಕ್ಷಕರು, ವೈದ್ಯರು, ಸಮುದಾಯದ ಕಾರ್ಯಕರ್ತರು ಸೇರಿದ ಒಕ್ಕೂಟ ಎಂದು ಹೇಳಿಕೊಳ್ಳುತ್ತಿತ್ತು. 2012ರಲ್ಲಿ ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ಕಾಗದಪತ್ರ ತೆಗೆದು ನೋಡಿದರೆ ಸದಸ್ಯರಿದ್ದದ್ದು ಮೂರೇ: ಆಲ್ಬಮಾರ್ಲ್, ಕೆಮ್‌ಟುರಾ, ಐಸಿಎಲ್. ಮೂರೂ ಆ ರಾಸಾಯನಿಕದ ದೊಡ್ಡ ತಯಾರಕ ಕಂಪನಿಗಳು. ಸಂಘಟನೆಯ ಪರವಾಗಿ ಸುಟ್ಟಗಾಯದ ಹೆಸರಾಂತ ಶಸ್ತ್ರಚಿಕಿತ್ಸಕರೊಬ್ಬರು ಶಾಸಕರ ಮುಂದೆ ಸಾಕ್ಷಿ ಹೇಳಿ, ನಿರೋಧಕವಿಲ್ಲದ ದಿಂಬಿಗೆ ಬೆಂಕಿ ತಗುಲಿ ಎಳೆಗೂಸು ಸತ್ತ ಕಥೆಯನ್ನು ವಿವರಿಸಿದ್ದರು. ಪ್ರತಿ ವರ್ಷದ ಸಾಕ್ಷ್ಯದಲ್ಲೂ ಬೇರೆ ಮಗು. ಅವರು ಹೇಳಿದಂಥ ಸಾವು ದಾಖಲೆಗಳಲ್ಲಿ ಎಲ್ಲೂ ಸಿಗಲಿಲ್ಲ. ಪತ್ರಿಕೆಯಲ್ಲಿ ವರದಿ ಬಂದ ವರ್ಷವೇ ಸಂಘಟನೆ ಬಾಗಿಲು ಹಾಕಿತು, 2013ರಲ್ಲಿ ನಿಯಮ ಬದಲಾಯಿತು.

ಇಲ್ಲಿ ಒಂದೊಂದು ಭಾಗವೂ ಲೆಕ್ಕಹಾಕಿ ಜೋಡಿಸಿದ್ದು. ಯಾರೂ ಬೇಡ ಎನ್ನಲಾಗದ ಹೆಸರು. ಜನ ನಂಬುವ ವೃತ್ತಿಯ ಒಂದು ಮುಖ. ಅಂಕಿಅಂಶ ಕೇಳಲು ಬಾಯಿ ಬಾರದಂಥ ಒಂದು ಸಾವಿನ ಕಥೆ. ಹಣಕ್ಕೆ 'ಸದಸ್ಯತ್ವ ಶುಲ್ಕ' ಎಂಬ ಸಾಧು ಹೆಸರು.

ಇಂಥ ಕೆಲಸವನ್ನು ಕಂಪನಿ ತಾನೇ ಮಾಡುವುದು ಅಪರೂಪ. ಕಂಪನಿ ಒಂದು ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕದ ಸಂಸ್ಥೆಗೆ ಗುತ್ತಿಗೆ ಕೊಡುತ್ತದೆ, ಅದು ಇನ್ನೊಂದಕ್ಕೆ ಒಳಗುತ್ತಿಗೆ, ಅದು ಮತ್ತೊಬ್ಬರಿಗೆ. ಸಿಕ್ಕಿಬಿದ್ದ ದಿನ ಪ್ರತಿ ಮೆಟ್ಟಿಲಿನವರೂ ಕೆಳಗಿನವರ ಕಡೆ ಬೆರಳು ತೋರಿಸುತ್ತಾರೆ. 2009ರಲ್ಲಿ ಅಮೆರಿಕ ಸಂಸತ್ತಿನ ಮುಂದೆ ಹವಾಮಾನ ಮಸೂದೆ ಇದ್ದಾಗ ವರ್ಜೀನಿಯಾದ ಸಂಸದ ಟಾಮ್ ಪೆರಿಯೆಲ್ಲೊ ಮತ್ತಿತರರಿಗೆ ಕರಿಯರ ಹಕ್ಕುಗಳ ಸಂಸ್ಥೆ, ಲ್ಯಾಟಿನೊ ಸಂಸ್ಥೆಗಳ ಹೆಸರಲ್ಲಿ ಮಸೂದೆ ವಿರೋಧಿಸುವ ಪತ್ರಗಳು ಬಂದವು. ಲೆಟರ್‌ಹೆಡ್ಡೂ ಸಹಿಯೂ ನಕಲಿ. ಹಣ ಹಾಕಿದ್ದು ಕಲ್ಲಿದ್ದಲು ವಿದ್ಯುತ್ ಉದ್ಯಮದ ಒಕ್ಕೂಟ, ಅದರ ಗುತ್ತಿಗೆ ಹಾಥಾರ್ನ್ ಗ್ರೂಪ್ ಎಂಬ ಸಂಸ್ಥೆಗೆ, ಒಳಗುತ್ತಿಗೆ ಬಾನರ್ ಅಂಡ್ ಅಸೋಸಿಯೇಟ್ಸ್‌ಗೆ. ನಕಲಿ ಎಂಬ ಸುದ್ದಿ ಮತದಾನಕ್ಕೆ ಮೊದಲೇ ಒಕ್ಕೂಟಕ್ಕೆ ತಿಳಿದಿತ್ತು, ಸಂಸದರಿಗೆ ತಿಳಿಸಿದ್ದು ಆಮೇಲೆ.

ಅದೇ ಹಾಥಾರ್ನ್ 2017ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ಎಂಟರ್ಜಿ ಎಂಬ ವಿದ್ಯುತ್ ಕಂಪನಿ ಅಲ್ಲಿ 128 ಮೆಗಾವಾಟ್‌ನ ಅನಿಲ ಸ್ಥಾವರ ಕಟ್ಟಲು ನಗರಸಭೆಯ ಒಪ್ಪಿಗೆ ಕೇಳಿತ್ತು. ಸಾರ್ವಜನಿಕ ಸಭೆಗೆ ಕಿತ್ತಳೆ ಬಣ್ಣದ ಟಿ-ಶರ್ಟ್ ತೊಟ್ಟ ಬೆಂಬಲಿಗರು ತುಂಬಿಕೊಂಡು ಬಂದರು. ಅವರಲ್ಲಿ ಅನೇಕರು ಬಾಡಿಗೆ ನಟರು ಎಂದು ಅಲ್ಲಿನ 'ದ ಲೆನ್ಸ್' ಎಂಬ ಸುದ್ದಿತಾಣ 2018ರ ಮೇ ತಿಂಗಳಲ್ಲಿ ಬಯಲು ಮಾಡಿತು. ಸುಮ್ಮನೆ ಕೂತು ಚಪ್ಪಾಳೆ ತಟ್ಟಿದವರಿಗೆ 60 ಡಾಲರ್, ಎದ್ದು ನಿಂತು ಬರೆದುಕೊಟ್ಟದ್ದನ್ನು ಮಾತಾಡಿದವರಿಗೆ 200 ಡಾಲರ್, ಬಾಯಿ ಬಿಡುವುದಿಲ್ಲ ಎಂಬ ಕರಾರಿಗೆ ಸಹಿ. ಹಾಥಾರ್ನ್‌ನಿಂದ ಒಳಗುತ್ತಿಗೆ ಪಡೆದಿದ್ದ ಸಂಸ್ಥೆಯ ಹೆಸರೇ ಕ್ರೌಡ್ಸ್ ಆನ್ ಡಿಮ್ಯಾಂಡ್. ನನ್ನ ಲೆಕ್ಕದಲ್ಲಿ ಸುಳ್ಳು ಮಾತಿಗಿಂತ ದೊಡ್ಡ ಅನ್ಯಾಯ ಸಭಾಂಗಣದ ಬಾಗಿಲಲ್ಲಿ ನಡೆಯಿತು. ಒಳಗೆ ಕುರ್ಚಿ ತುಂಬಿದ್ದರಿಂದ ಸ್ಥಾವರದ ಹೊಗೆ ಕುಡಿಯಬೇಕಾಗಿದ್ದ ಅಸಲಿ ನಿವಾಸಿಗಳಲ್ಲಿ ಕೆಲವರು ಒಂದು ಸಭೆಗೆ ಒಳಗೇ ಹೋಗಲಾಗಲಿಲ್ಲ. ನಗರಸಭೆ 50 ಲಕ್ಷ ಡಾಲರ್ ದಂಡ ಹಾಕಿತು. ಆದರೆ ಕೊಟ್ಟ ಒಪ್ಪಿಗೆ ಹಿಂಪಡೆಯಲಿಲ್ಲ, ಸ್ಥಾವರ 2020ರಲ್ಲಿ ಶುರುವಾಯಿತು.

ಆನ್‌ಲೈನ್‌ನಲ್ಲಿ ಕುರ್ಚಿಯ ಮಿತಿಯೂ ಇಲ್ಲ. 2017ರಲ್ಲಿ ಅಮೆರಿಕದ ದೂರಸಂಪರ್ಕ ಆಯೋಗ ನೆಟ್ ನ್ಯೂಟ್ರಾಲಿಟಿ, ಅಂದರೆ ಇಂಟರ್ನೆಟ್ ಒದಗಿಸುವ ಕಂಪನಿಗಳು ಎಲ್ಲ ತಾಣಗಳನ್ನೂ ಒಂದೇ ರೀತಿ ನೋಡಬೇಕು ಎಂಬ ನಿಯಮ ತೆಗೆಯುವ ಬಗ್ಗೆ ಅಭಿಪ್ರಾಯ ಕೇಳಿದಾಗ ಬಂದದ್ದು ಸುಮಾರು 2.2 ಕೋಟಿ ಪ್ರತಿಕ್ರಿಯೆ. ಹತ್ತಿರ ಹತ್ತಿರ 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ಅಟಾರ್ನಿ ಜನರಲ್ ಕಚೇರಿ 2021ರ ಮೇನಲ್ಲಿ ವರದಿ ಕೊಟ್ಟಿತು. ಅದರಲ್ಲಿ 85 ಲಕ್ಷಕ್ಕೂ ಹೆಚ್ಚು ಬ್ರಾಡ್‌ಬ್ಯಾಂಡ್ ಕಂಪನಿಗಳ ಹಣದಿಂದ ನಡೆದ ಪ್ರಚಾರದ ಫಲ. ಗಿಫ್ಟ್ ಕಾರ್ಡ್, ಬಹುಮಾನದ ಆಸೆ ತೋರಿಸಿ ಜನರ ವಿವರ ಕಲೆಹಾಕುವ ಸಂಸ್ಥೆಗಳಿಗೆ, ಬೆಂಬಲಿಗರನ್ನು ಹುಡುಕಿ ಒಪ್ಪಿಗೆ ಪಡೆಯಿರಿ ಎಂದು ಗುತ್ತಿಗೆ ಕೊಡಲಾಗಿತ್ತು. ಅವರು ಒಪ್ಪಿಗೆಯ ಗೋಜಿಗೇ ಹೋಗದೆ ಕೈಯಲ್ಲಿದ್ದ ಹೆಸರು, ವಿಳಾಸಗಳನ್ನೇ ಹಾಕಿದರು. ತಲೆಗಿಷ್ಟು ಎಂದು ದರ ಗೊತ್ತುಮಾಡಿದ ಕಡೆಯಲ್ಲೆಲ್ಲ ಆಗುವುದು ಇದೇ. ಕಂಪನಿಗಳಿಗೆ ಈ ವಂಚನೆ ನೇರವಾಗಿ ಗೊತ್ತಿತ್ತು ಎನ್ನಲು ಸಾಕ್ಷ್ಯ ಸಿಗಲಿಲ್ಲ ಎಂದೂ ವರದಿ ಹೇಳಿದೆ, ನಾನು ಆಗಲೇ ಹೇಳಿದ ಮೆಟ್ಟಿಲುಗಳ ಉಪಯೋಗ ಇಲ್ಲಿ ಕಾಣುತ್ತದೆ. ಇನ್ನೊಂದು ಬದಿಯಲ್ಲಿ, ನಿಯಮ ಉಳಿಯಲಿ ಎಂದು 19 ವರ್ಷದ ಒಬ್ಬ ವಿದ್ಯಾರ್ಥಿ ಸಾಫ್ಟ್‌ವೇರ್ ಬಳಸಿ 77 ಲಕ್ಷ ಪ್ರತಿಕ್ರಿಯೆ ಕಳಿಸಿದ್ದ. ಅದು ನಕಲಿ ನಿಜ, ಆದರೆ ಹಿಂದೆ ಉದ್ಯಮದ ಹಣವಿಲ್ಲ. ಹಾಗಾಗಿ ಈ ಪದದ ಕಟ್ಟುನಿಟ್ಟಾದ ಅರ್ಥಕ್ಕೆ ಅದು ಸೇರುವುದಿಲ್ಲ.

ನಮ್ಮಲ್ಲಿ ಈ ಗಡಿಯನ್ನು ಚೆನ್ನಾಗಿ ತೋರಿಸುವ ಪ್ರಕರಣ ಫ್ರೀ ಬೇಸಿಕ್ಸ್, ಅಂದರೆ ಆಯ್ದ ಕೆಲವು ತಾಣಗಳನ್ನು ಡೇಟಾ ಖರ್ಚಿಲ್ಲದೆ ತೋರಿಸುವ ಫೇಸ್‌ಬುಕ್ ಯೋಜನೆ. 2015ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಯಾವ ತಾಣ ಎಂಬುದರ ಮೇಲೆ ಡೇಟಾಗೆ ಬೇರೆ ಬೇರೆ ದರ ಇಡಬಹುದೇ ಎಂದು 4 ಪ್ರಶ್ನೆಗಳ ಸಮಾಲೋಚನಾ ಪತ್ರ ಹೊರಡಿಸಿತು. ಫೇಸ್‌ಬುಕ್ ತನ್ನ ಬಳಕೆದಾರರ ಮುಂದೆ ಮೊದಲೇ ಬರೆದಿಟ್ಟ ಪತ್ರ ಇಟ್ಟು, ಒತ್ತಿದರೆ ಟ್ರಾಯ್‌ಗೆ ಹೋಗುವ ಹಾಗೆ ಮಾಡಿತು. ಬಂದ ಸುಮಾರು 24 ಲಕ್ಷ ಪ್ರತಿಕ್ರಿಯೆಗಳಲ್ಲಿ 18.94 ಲಕ್ಷ ಫ್ರೀ ಬೇಸಿಕ್ಸ್ ಬೆಂಬಲಿಸುವ ಅಚ್ಚುಪತ್ರಗಳು. ಆದರೆ ಆ ಪತ್ರದಲ್ಲಿ ಟ್ರಾಯ್ ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಇರಲಿಲ್ಲ. ಸಮಾಲೋಚನೆಯನ್ನು ತಲೆ ಎಣಿಸುವ ಜನಮತ ಸಂಗ್ರಹ ಮಾಡಿಬಿಡುವ ಪ್ರಯತ್ನ ಇದು ಎಂದು ಟ್ರಾಯ್ ಖಾರವಾಗಿಯೇ ಬರೆಯಿತು. 2016ರ ಫೆಬ್ರವರಿ 8ರಂದು ಭೇದದರವನ್ನು ನಿಷೇಧಿಸುವ ನಿಯಮ ಬಂತು. ಫೇಸ್‌ಬುಕ್ ತನ್ನ ಹೆಸರು ಮುಚ್ಚಿಟ್ಟಿರಲಿಲ್ಲ, ಆದ್ದರಿಂದ ಇದನ್ನು ಪೂರ್ತಿ ಆಸ್ಟ್ರೋಟರ್ಫಿಂಗ್ ಎನ್ನಲು ನಾನು ಒಪ್ಪುವುದಿಲ್ಲ. ಇದಕ್ಕೂ ಮೊದಲು, 2015ರ ಏಪ್ರಿಲ್‌ನಲ್ಲಿ, ಟ್ರಾಯ್‌ನ ಇನ್ನೊಂದು ಸಮಾಲೋಚನೆಗೆ ನೆಟ್ ನ್ಯೂಟ್ರಾಲಿಟಿ ಪರ ಸ್ವಯಂಸೇವಕರೂ ಸಿದ್ಧ ಪತ್ರವನ್ನೇ ಬಳಸಿ 10 ಲಕ್ಷಕ್ಕೂ ಹೆಚ್ಚು ಇಮೇಲ್ ಕಳಿಸಿದ್ದರು. ಅವರ ಪತ್ರ ಆ ಸಮಾಲೋಚನೆಯ 20 ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟಿತ್ತು, ಬೇಕಾದವರು ತಿದ್ದಿಕೊಳ್ಳಬಹುದಿತ್ತು. ಅಚ್ಚುಪತ್ರ ಎಂದಾಕ್ಷಣ ಅನುಮಾನ ಪಡಬೇಕಿಲ್ಲ.

ಕರ್ನಾಟಕಕ್ಕೆ ಹೆಚ್ಚು ಹತ್ತಿರದ ಪಾಠ ತಂಬಾಕಿನದು. ಅಂತರರಾಷ್ಟ್ರೀಯ ತಂಬಾಕು ಬೆಳೆಗಾರರ ಸಂಘ 1984ರಲ್ಲಿ ಹುಟ್ಟಿತು, ಅದರ ಹಿಂದೆ ಇದ್ದದ್ದು ಅಸಲಿ ಬೆಳೆಗಾರರ ಸಂಘಗಳೇ. 1998ರಲ್ಲಿ ಅಮೆರಿಕದ 46 ರಾಜ್ಯಗಳ ಜೊತೆ ಸಿಗರೇಟ್ ಕಂಪನಿಗಳು ಮಾಡಿಕೊಂಡ ಒಪ್ಪಂದದಿಂದ ಅವುಗಳ ಒಳಗಿನ ಕಡತಗಳು ಸಾರ್ವಜನಿಕವಾದವು. 1988ರ ಹೊತ್ತಿನ ಕಡತಗಳಲ್ಲಿ ಈ ಸಂಘದ ಬಗ್ಗೆ ಒಂದು ಯೋಜನೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯಂಥ ಕಡೆ ಕಂಪನಿಯ ಮಾತು ನಡೆಯುವುದಿಲ್ಲ, ಬಡ ದೇಶದ ರೈತನ ಮಾತು ನಡೆಯುತ್ತದೆ. ಸಂಘಕ್ಕೆ ಹಣವನ್ನೂ ಸಿಬ್ಬಂದಿಯನ್ನೂ ಒದಗಿಸೋಣ. ಹಣ ನಮ್ಮ ಹತೋಟಿಯಲ್ಲಿದ್ದರೆ ಸಂಘ ರಾಜಕೀಯದ ಕೆಲಸ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ ಎಂಬುದು ಅದರ ಸಾರ. 'ಬೇರೆ ಕಡೆ' ಅಂದರೆ ಎಲೆಯ ಬೆಲೆಯ ಕಡೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಬೆಳೆಗಾರರಿಗೆ ಹರಾಜು ಕಟ್ಟೆಯಲ್ಲಿ ಸಿಗುವ ದರ, ಎಲೆ ಹದಮಾಡುವ ಬ್ಯಾರನ್‌ಗೆ ಬೇಕಾಗುವ ಸೌದೆ, ತಂಬಾಕು ಮಂಡಳಿ ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಬೆಳೆದಾಗ ಬೀಳುವ ದಂಡ, ಇವೇ ನಿತ್ಯದ ಸಂಕಟ. ಕೊಳ್ಳುವವರ ದುಡ್ಡಿನಲ್ಲಿ ನಡೆಯುವ ಸಂಘ ಕೊಳ್ಳುವವರು ಕೊಡುವ ದರದ ವಿರುದ್ಧ ಬಾಯಿ ತೆರೆಯಲಾರದು. ಜನ ಅಸಲಿ, ಕಷ್ಟ ಅಸಲಿ, ಆದರೆ ಯಾವ ಕಷ್ಟವನ್ನು ಮಾತಾಡಬೇಕು ಎಂಬುದು ಬೇರೆಯವರ ತೀರ್ಮಾನ. ಆಸ್ಟ್ರೋಟರ್ಫಿಂಗ್‌ನಲ್ಲಿ ಪತ್ತೆಗೆ ಅತಿ ಕಷ್ಟವಾದದ್ದೂ, ನನಗೆ ಅತಿ ನೋವಿನದಾಗಿ ಕಾಣುವುದೂ ಈ ಬಗೆ.

ಹಾಗಾಗಿ ಒಂದು ಸಂಘಟನೆಯನ್ನು ಪರೀಕ್ಷಿಸುವಾಗ ಅದು ಏನು ಹೇಳುತ್ತಿದೆ ಎಂಬುದರ ಜೊತೆಗೆ ಯಾವುದರ ಬಗ್ಗೆ ಸುಮ್ಮನಿದೆ ಎಂದು ಮೊದಲು ನೋಡಿ. ಆಮೇಲೆ ತಾರೀಖು: ವೆಬ್‌ಸೈಟ್ ಹೆಸರು ನೋಂದಾಯಿಸಿದ ದಿನ 'ಹೂ ಈಸ್' ಹುಡುಕಾಟದಲ್ಲಿ ಸಿಗುತ್ತದೆ, ಅದು ಕರಡು ನಿಯಮ ಹೊರಬಿದ್ದ ಮಾರನೆಯ ವಾರವಾಗಿದ್ದರೆ ಮುಂದೆ ಕೆದಕಬೇಕು. ಸೆಕ್ಷನ್ 8ರ ಕಂಪನಿ, ಅಂದರೆ ಲಾಭಕ್ಕಲ್ಲದ ಕಂಪನಿಯಾಗಿದ್ದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ 100 ರೂಪಾಯಿ ಕಟ್ಟಿ ಕಡತ ನೋಡಬಹುದು. ನಿರ್ದೇಶಕರ ಗುರುತಿನ ಸಂಖ್ಯೆ ಹಿಡಿದು ಅವರು ಬೇರೆ ಯಾವ ಕಂಪನಿಯಲ್ಲಿದ್ದಾರೆ ಎಂದು ಹುಡುಕಿ. ಸೊಸೈಟಿಯಾಗಿದ್ದರೆ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಗೆ ಅರ್ಜಿ ಹಾಕಬೇಕು. ಲೆಕ್ಕಪತ್ರದಲ್ಲಿ ಸದಸ್ಯರ ಚಂದಾ ಎಷ್ಟು, ದೇಣಿಗೆ ಎಷ್ಟು ಎಂಬ ಎರಡು ಸಾಲು ಸಾಕು: ಲಕ್ಷ ಸದಸ್ಯರಿದ್ದಾರೆ ಎನ್ನುವ ಸಂಘದ ಚಂದಾ ಕೆಲವೇ ಸಾವಿರವಾಗಿದ್ದರೆ ಬಾಡಿಗೆ, ಸಂಬಳ ಎಲ್ಲಿಂದ ಬರುತ್ತದೆ ಎಂದು ನೇರವಾಗಿ ಕೇಳಿ. ಪತ್ರಿಕಾ ಹೇಳಿಕೆಯ ಅಡಿಯಲ್ಲಿರುವ ಫೋನ್ ನಂಬರ್ ಪಿಆರ್ ಏಜೆನ್ಸಿಯದ್ದೇ ಎಂದು ನೋಡುವುದೂ ಒಳ್ಳೆಯದು. ಮನವಿಗೆ ಸಹಿ ಹಾಕಿದವರಲ್ಲಿ ಕೆಲವರನ್ನಾದರೂ ಮಾತಾಡಿಸಿ; ನಾನು ಸಹಿಯೇ ಹಾಕಿಲ್ಲ ಎಂಬ ಉತ್ತರ ಎರಡು ಕಡೆ ಬಂದರೆ ಇಡೀ ಪಟ್ಟಿಯನ್ನು ಪರಿಶೀಲಿಸಬೇಕು.

ಈ ಪದವನ್ನು ಆಯುಧ ಮಾಡಿಕೊಳ್ಳುವವರೂ ಇದ್ದಾರೆ. ಬೀದಿಗಿಳಿದ ರೈತರನ್ನೋ ಆಶಾ ಕಾರ್ಯಕರ್ತೆಯರನ್ನೋ 'ದುಡ್ಡು ಕೊಟ್ಟು ಕರೆತಂದ ಜನ' ಎಂದುಬಿಡುವುದು ಸುಲಭ. ಬಸ್ಸು ಮಾಡಿಕೊಂಡು ಬಂದರು, ಊಟ ಹಾಕಿಸಿದರು, ಒಂದೇ ಬಣ್ಣದ ಶಾಲು ಹೊದ್ದರು ಎಂಬುದು ಯಾವುದಕ್ಕೂ ಸಾಕ್ಷ್ಯವಲ್ಲ. ಸಂಘದ ಚಂದಾದಲ್ಲಿ ಬಸ್ಸು ಮಾಡಿದ್ದರೆ ಅದು ಸಂಘಟನೆ. ಹಣದ ಜಾಡು ತೋರಿಸಲಾಗದವರು ಈ ಆರೋಪ ಮಾಡಬಾರದು.

ಕಾನೂನಿನ ಆಸರೆ ಇನ್ನೂ ತೆಳು. ಲಾಬಿ ಮಾಡುವವರು ಹೆಸರು, ಖರ್ಚು ಬಹಿರಂಗಪಡಿಸಬೇಕು ಎಂಬ ಕಾನೂನು ಭಾರತದಲ್ಲಿಲ್ಲ. ಅಮೆರಿಕದಲ್ಲಿ 1995ರಿಂದ ಇದೆ, ಆದರೆ ಜನರನ್ನು ಎಬ್ಬಿಸಿ ಅವರಿಂದ ಒತ್ತಡ ತರಿಸುವುದಕ್ಕೆ ಮಾಡಿದ ಖರ್ಚು ಅದರ ಹೊರಗೆ ಉಳಿದಿದೆ. ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ಮಾತ್ರ ಒಂದು ಸರಳ ಏರ್ಪಾಡಿದೆ. ಪ್ರಕರಣದಲ್ಲಿ ಕಕ್ಷಿದಾರರಲ್ಲದವರು ತಮ್ಮ ಅಭಿಪ್ರಾಯ ಸಲ್ಲಿಸುವಾಗ, ಅದನ್ನು ಬರೆಯಲು ಕಕ್ಷಿದಾರರ ವಕೀಲರು ಕೈಹಾಕಿದ್ದಾರೆಯೇ, ಹಣ ಯಾರು ಕೊಟ್ಟರು ಎಂದು ಮೊದಲ ಪುಟದ ಅಡಿಟಿಪ್ಪಣಿಯಲ್ಲೇ ಹೇಳಬೇಕು. ನಮ್ಮ ಸಚಿವಾಲಯಗಳೂ ನಿಯಂತ್ರಣ ಮಂಡಳಿಗಳೂ ಕರಡು ನಿಯಮಕ್ಕೆ ಆಕ್ಷೇಪಣೆ ಕರೆಯುವಾಗ ಇಂಥ ಒಂದು ಸಾಲನ್ನು ಕಡ್ಡಾಯ ಮಾಡಲು ಹೊಸ ಕಾಯ್ದೆಯೇ ಬೇಕಿಲ್ಲ. ಆದರೆ ಆ ಅಡಿಟಿಪ್ಪಣಿ ಕೇಳುವುದು ಆ ಒಂದು ಕಡತಕ್ಕೆ ಖರ್ಚಾದ ಹಣವನ್ನು ಮಾತ್ರ, ಸಂಘಟನೆ ವರ್ಷವಿಡೀ ಯಾರ ದುಡ್ಡಿನಲ್ಲಿ ನಡೆಯುತ್ತಿದೆ ಎಂದಲ್ಲ. ನಕಲು ಮಾಡುವಾಗ ಆ ತೂತನ್ನು ಮುಚ್ಚಿ, ಹಿಂದಿನ ಎರಡು ವರ್ಷದ ದೊಡ್ಡ ದಾನಿಗಳ ಹೆಸರನ್ನೂ ಕೇಳಬೇಕಾಗುತ್ತದೆ.